ಜೋಲಿಯ ಭಾರ

ನಾನು ಮೊದಲಿನಿಂದಲೂ ಪುಕ್ಕಲಿ. ಇನ್ನೊಬ್ಬರ ಮನೆಗೆ ಹೋಗಿ ಮಗು ನೋಡಿಕೊಳ್ಳುವ ಕೆಲಸ ಹಿಡಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ನಮ್ಮ ಮಗು ಬಿದ್ದರೆ ಎತ್ತಿ ಸವರಿ ಸುಮ್ಮನಾಗುತ್ತೇವೆ. ಬೇರೆಯವರ ಮಗು ಬಿದ್ದರೆ ಸಂಜೆ ಅದರ ತಾಯಿಗೆ ಮುಖ ತೋರಿಸಬೇಕು. ಕಲ್ಯಾಣದುರ್ಗದಲ್ಲಿ ಈ ಕೆಲಸ ಮಾಡುತ್ತಿದ್ದಾಗ ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ಅದು ಎದ್ದು ಅಳುತ್ತಿತ್ತು. ಆಮೇಲೆ ಸಮಾಧಾನ ಮಾಡುವ ಕೆಲಸವೂ ನನ್ನದೇ.

ಗಂಡನಿಗೆ ಹಿಂದೂಪುರದಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದಾಗ ನನಗೆ ದೊರೆತದ್ದು ನೇಕಾರರ ಬೀದಿಯ ಒಂದು ಮನೆ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು, ತಂದೆ ಸೀರೆ ಗಂಟು ಹೊತ್ತು ಪರಿಗಿ, ಗೋರಂಟ್ಲ ಎಂದು ತಿರುಗುತ್ತಿದ್ದ. ಗಂಡು ಮಗು, ಇನ್ನೂ ಹಲ್ಲು ಬಂದಿರಲಿಲ್ಲ. ಬೀದಿ ತುಂಬ ಕರೆಂಟಿನ ಮಗ್ಗಗಳು. ಅವುಗಳ ಟಕಟಕ ಸದ್ದಿಗೆ ಮೊದಲ ದಿನ ನನ್ನ ತಲೆ ಸಿಡಿದುಹೋಯಿತು. ಮಗು ಮಾತ್ರ ಆ ಸದ್ದಿನಲ್ಲೇ ಸುಖವಾಗಿ ಮಲಗುತ್ತಿತ್ತು. ಕರೆಂಟು ಹೋಗಿ ಮಗ್ಗಗಳು ನಿಂತರೆ ಆ ಮೌನಕ್ಕೇ ಎದ್ದು ಕಿರುಚುತ್ತಿತ್ತು. ಬೀದಿಯ ಕೂಸುಗಳೆಲ್ಲ ಹಾಗೆಯೇ.

ಒಂದು ವಾರ ಅದು ನಿದ್ದೆಯಲ್ಲೂ ಬೆಚ್ಚಿ ಬೆಚ್ಚಿ ಬೀಳುತ್ತಿತ್ತು. ಎದುರುಮನೆಯ ಅಜ್ಜಿ ನೋಡಿ, "ಮಗ ಬೆಚ್ಚೈತೆ ಕಣಮ್ಮ, ಏನಾನ ಮಾಡಿಸ್ಬೇಕು" ಎಂದಿದ್ದಳು. ನಾನು ಹೂಂ ಎಂದು ಮರೆತೆ.

ಅದೇ ವಾರ ಒಂದು ಸಂಜೆ ಮಗುವನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದು ತಂದೆ. ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಅಡುಗೆಮನೆ ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಾ ತೂಗತೊಡಗಿದೆ. ಜೋಲಿ ಎಂದಿನಂತೆ ಭಾರವಾಗಿ ಆಡುತ್ತಿತ್ತು.

ಕರೆಂಟು ಹೋಯಿತು. ಮಗ್ಗಗಳು ನಿಂತವು. ಪಕ್ಕದ ಮನೆಯ ಕೂಸು ಅಳಲು ಶುರು ಮಾಡಿತು, ಆಚೆ ಮನೆಯದೂ ಅತ್ತಿತು. ನಮ್ಮದು ಅಳಲಿಲ್ಲ.

ನಾನು ಎದ್ದು ಹೋಗಿ ಜೋಲಿಯೊಳಗೆ ಕೈ ಹಾಕಿದೆ. ಹೊದಿಕೆಯೊಳಗೆ ತಣ್ಣಗೆ, ಗಟ್ಟಿಯಾಗಿ ಏನೋ ಕೈಗೆ ತಗುಲಿತು. ಮಗು ಸತ್ತಿದೆ ಎಂದುಕೊಂಡೆ. ಹೊದಿಕೆ ಬಿಡಿಸಿದರೆ ಬಾಗಿಲ ಹಿಂದೆ ಬಿದ್ದಿರುತ್ತಿದ್ದ ಗುಂಡುಕಲ್ಲು, ಚಟ್ನಿ ಅರೆಯುವ ಕಲ್ಲು.

ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಫೋನಿನಲ್ಲಿ ನೋಡಿದ್ದ ವಿಡಿಯೋಗಳೆಲ್ಲ ಒಟ್ಟಿಗೆ ತಲೆಗೆ ನುಗ್ಗಿದವು. ಸಂಪಿನ ಮುಚ್ಚಳ ಮುಚ್ಚಿಯೇ ಇತ್ತು, ಆದರೂ ಎತ್ತಿ ಬಗ್ಗಿ ನೋಡಿದೆ. ಮಂಚದ ಕೆಳಗೆ ನೋಡಿದೆ. ಎದುರುಮನೆಗೆ ಓಡಿದರೆ ಅಜ್ಜಿಯ ಬಾಗಿಲಿಗೆ ಬೀಗ. ಅಷ್ಟರಲ್ಲಿ ಬೀದಿ ತುದಿಯಲ್ಲಿ ಗಾರ್ಮೆಂಟ್ಸ್ ಆಟೋ ನಿಂತಿತು. ಮಗುವಿನ ತಾಯಿ ಇಳಿದು ನಗುತ್ತಾ ಬಂದಳು.

"ಮಲಗವ್ನಾ ಅಕ್ಕ?"

ನನ್ನ ಕೈಯಲ್ಲಿ ಬರೀ ಹೊದಿಕೆ ಇತ್ತು. ಅವಳು ಹೊದಿಕೆ ನೋಡಿದಳು, ನನ್ನ ಮುಖ ನೋಡಿದಳು, ಅಲ್ಲೇ ಗೋಡೆ ಹಿಡಿದು ನಿಂತಳು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವಳ ಹಿಂದಿನಿಂದಲೇ ಅಜ್ಜಿ ಬಂದಳು, ಕಂಕುಳಲ್ಲಿ ಮಗು. ಅದರ ತೋಳಿಗೆ ಹೊಸ ಕರಿದಾರ.

"ಯಾಕ್ರಮ್ಮ ಇಂಗೆ ನಿಂತಿದೀರಾ? ಮಸೂತಿ ತಾವ ಊದಿಸ್ಕೊಂಡು ಬತ್ತೀನಿ ಅಂತ ಕೂಗಿ ಹೇಳಿ ಹೋದ್ನಲ್ಲ."

ನಾನು ಹಿತ್ತಲಲ್ಲಿದ್ದಾಗ ಆ ಕೂಗನ್ನು ಮಗ್ಗಗಳು ನುಂಗಿದ್ದವು.

"ಕಲ್ಲು ಯಾಕಿಟ್ರಿ ಅಜ್ಜಿ?" ಎಂದೆ. ಸಿಟ್ಟು ಬಂದಿತ್ತು.

"ಬರೀ ಜೋಲಿ ತೂಗಾಡಬಾರ್ದು ಕಣಮ್ಮ, ಕೂಸಿಗೆ ಆಗಿಬರಲ್ಲ. ನಿಮ್ಮೂರಾಗೆ ಇಡಾಕಿಲ್ವಾ?"

ಇಡುತ್ತೇವೆ. ನಾಮಕರಣದ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದೇ ಗುಂಡುಕಲ್ಲು. ನಾನೇ ಎಷ್ಟೋ ಸಲ ಅದಕ್ಕೆ ಬಟ್ಟೆ ಸುತ್ತಿದ್ದೇನೆ. ಆ ಹೊತ್ತಿನಲ್ಲಿ ಅದು ಯಾರಿಗೆ ನೆನಪಾಗುತ್ತದೆ? ಮಗುವಿನ ತಾಯಿ ಅಳುತ್ತಲೇ ನಗತೊಡಗಿದಳು. ನನಗೆ ನಗು ಬರಲಿಲ್ಲ.

ಮಾರನೆಯ ದಿನದಿಂದ ಮಗು ಬೆಚ್ಚುವುದು ನಿಂತಿತು. ಬೆಚ್ಚುವುದು ನನಗೆ ಶುರುವಾಯಿತು. ಪಾತ್ರೆ ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ನಿದ್ದೆ ಹೋದ ಮಗುವನ್ನು ಮತ್ತೆ ಮತ್ತೆ ಮುಟ್ಟಿ ಎಬ್ಬಿಸುತ್ತಿದ್ದೆ. ಈ ಕೆಲಸ ನನ್ನಿಂದಾಗದು ಎಂದು ಮಗುವಿನ ತಾಯಿಗೆ ಹೇಳಿಯೂ ಬಿಟ್ಟೆ. ಅದು ಅಜ್ಜಿಯ ಕಿವಿಗೆ ಬಿತ್ತು. "ನಡಿಯಮ್ಮ" ಎಂದಳು, ಅಷ್ಟೇ. ಕೈಹಿಡಿದು ಮಸೀದಿಗೆ ಕರೆದೊಯ್ದಳು.

ಮಸೀದಿಯ ಬಾಗಿಲಲ್ಲಿ ತಾಯಂದಿರು ಸಾಲಾಗಿ ನಿಂತಿದ್ದರು, ಎಲ್ಲರ ತೋಳಲ್ಲೂ ಕೂಸು. ನಮಾಜು ಮುಗಿಸಿ ಹೊರಬಂದವರು ಬೆಚ್ಚುವುದು ಬಿಡಲೆಂದು ಒಂದೊಂದು ಮಗುವಿನ ಮುಖಕ್ಕೂ ಊದಿ ಮುಂದೆ ಹೋಗುತ್ತಿದ್ದರು. ಕೊನೆಯಲ್ಲಿ ಬರಿಗೈಯ ನಾನು. ವಯಸ್ಸಾದ ಸಾಯಬರೊಬ್ಬರು ನನ್ನ ಮುಂದೆ ನಿಂತು, ಮಗು ಎಲ್ಲಿದೆಯಮ್ಮ ಎಂದು ತೆಲುಗಿನಲ್ಲಿ ಕೇಳಿದರು.

"ಈಮೆಕೇ ಸಾಮಿ," ಎಂದಳು ಅಜ್ಜಿ. ಇವಳಿಗೇ.

ಅವರು ನಗಲಿಲ್ಲ. ನಾನು ತಲೆ ಬಗ್ಗಿಸಿದೆ. ಬೆಚ್ಚನೆಯ ಉಸಿರು ಹಣೆಗೆ ತಾಗಿದ್ದೇ ತಡ, ಆ ಸಂಜೆ ಜೋಲಿಯೊಳಗೆ ಕೈಗೆ ತಗುಲಿದ ತಣ್ಣನೆಯ ಕಲ್ಲು ನೆನಪಾಗಿ, ಅಷ್ಟು ತಾಯಂದಿರ ನಡುವೆ ಜೋರಾಗಿ ಅತ್ತುಬಿಟ್ಟೆ. ಕೂಸುಗಳೆಲ್ಲ ಸುಮ್ಮನೆ ನನ್ನನ್ನೇ ನೋಡುತ್ತಿದ್ದವು.