ಸಾವಂತ್ರಕ್ಕನ ಕೌದಿಯ ನಾಲ್ಕನೆಯ ಮೂಲೆ

ಸಾವಂತ್ರಕ್ಕನ ಕುಪ್ಪಸದ ಎಡತೋಳಿನಲ್ಲಿ ಸದಾ ಒಂದು ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿರುತ್ತಿತ್ತು. ಅನ್ನ ಬಸಿಯುವಾಗಲೂ ಇತ್ತು, ಗುಡಿಗೆ ಹೋದರೂ ಇತ್ತು. ಒಮ್ಮೆ ಕೇಳಿದೆ. "ಕುಂತ ಮ್ಯಾಲ ಪೋಣಸಾಕ ಹೊತ್ತ ಎಲ್ಲಿರತೈತಿ ತಂಗಿ? ಪೋಣಸೂದ್ರಾಗ ಲೋಟಾ ಬಡಿತಾರ" ಎಂದಳು.

ಲೋಟ ಬಡಿಯುತ್ತಿದ್ದವಳು ಅವಳ ಅತ್ತೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಒಂಬತ್ತು ವರ್ಷಗಳಿಂದ ಮಂಚ ಹಿಡಿದಿದ್ದಳು. ನೀರು ಬೇಕಾದರೂ, ಮಗ್ಗುಲು ಬದಲಿಸಬೇಕಾದರೂ, ಸುಮ್ಮನೆ ಬೇಸರವಾದರೂ ಸ್ಟೀಲಿನ ಲೋಟದಿಂದ ಮಂಚದ ಕಬ್ಬಿಣಕ್ಕೆ ಟಣ್ ಟಣ್ ಎಂದು ಬಡಿಯುತ್ತಿದ್ದಳು. ವಿಜಯವಾಡದ ನಮ್ಮ ಓಣಿಯಲ್ಲಿ ಮನೆಗಳು ಎದುರುಬದುರು, ಆ ಸದ್ದು ನನ್ನ ಅಡುಗೆಮನೆಗೂ ಕೇಳುತ್ತಿತ್ತು. ಕೇಳಿದ ಕೂಡಲೇ "ವಸ್ತುನ್ನಾ ಅತ್ತಯ್ಯಾ!", ಬಂದೆ ಅತ್ತೇ, ಎಂದು ತೆಲುಗಿನಲ್ಲಿ ಸಾವಂತ್ರಕ್ಕನ ದನಿ ಏಳುತ್ತಿತ್ತು.

ಎಂಬತ್ತಾರರಲ್ಲಿ ನನ್ನ ಗಂಡನಿಗೆ ಧಾರವಾಡದಿಂದ ವಿಜಯವಾಡದ ಬ್ಯಾಂಕಿಗೆ ವರ್ಗವಾಯಿತು. ತೆಲುಗಿನಲ್ಲಿ 'ಉಪ್ಪು' ಬಿಟ್ಟರೆ ನನಗೆ ಏನೂ ಬಾರದು. ಮೂರನೆಯ ದಿನ ಎದುರು ಮನೆಯಾಕೆ ಮೊಸರಿನ ಬಟ್ಟಲು ಹಿಡಿದು ಬಂದು, "ನಮ್ಮ ಕಡಿಯವ್ರಂತಲ್ಲ, ಖರೆನಾ ಅಂಡಿ?" ಎಂದು ನಮ್ಮ ಮಾತಿಗೆ ತೆಲುಗಿನ 'ರೀ' ಹಚ್ಚಿ ಕೇಳಿದಾಗ ನಾನು ಬಾಗಿಲಲ್ಲೇ ಅತ್ತುಬಿಟ್ಟೆ. ಅವಳು ಗುಳೇದಗುಡ್ಡದವಳು. ಅಪ್ಪ ಲಾರಿ ಡ್ರೈವರ್. ಲಾರಿಗೆ ಬಾಡಿ ಕಟ್ಟಿಸಲು ವಿಜಯವಾಡದ ಆಟೋನಗರಕ್ಕೆ ಬಂದಾಗ ಅಲ್ಲಿನ ಬಡಗಿಯೊಬ್ಬನ ಸ್ನೇಹ ಬೆಳೆಯಿತು. ಅವನ ಮಗ ಸಾಂಬಯ್ಯನಿಗೆ ಹದಿನಾರರ ಮಗಳನ್ನು ಕೊಟ್ಟು, ಅದೇ ಲಾರಿಯಲ್ಲಿ ಊರಿಗೆ ಮರಳಿದ. ಮೊದಲ ವಾರ ನಾನು 'ರೀ' ಹಚ್ಚಿ ಮಾತಾಡಿಸಿದೆ, ಆಮೇಲೆ ಅದು ತಾನಾಗಿ ಉದುರಿ ಹೋಯಿತು.

ಅವಳಲ್ಲಿ ಅವ್ವನದೊಂದು ಕೌದಿ ಇತ್ತು. ಅವ್ವ ತೀರಿಕೊಂಡಾಗ ಲೋಟದ ಕಾಟದಲ್ಲಿ ಊರಿಗೆ ಹೋಗಲಾಗಲಿಲ್ಲ. ತಿಂಗಳ ಮೇಲೆ ತಮ್ಮ ಬಂದು ಕೌದಿಯನ್ನಷ್ಟೇ ಕೊಟ್ಟು ಹೋದ. ಇಳಕಲ್ಲ ಸೀರೆಯ ತುಂಡು, ಖಣದ ತುಂಡು, ಅಪ್ಪನ ಖಾಕಿ ಅಂಗಿ, ಒಳಗೆ ಹಳೆ ಧೋತರದ ಪದರು. ನಡುವೆ ಇಲಿ ಕಡಿದಿತ್ತು, ದಾರವೆಲ್ಲ ಸಡಿಲಾಗಿತ್ತು. ಪೂರಾ ಬಿಚ್ಚಿ ಮತ್ತೆ ಹೊಲಿಯಬೇಕು. ಆದರೆ ಅತ್ತೆಗೆ ಅದು ಬೊಂತ, ತಿರುಪೆಯವರು ಹೊದೆಯುವಂಥದ್ದು. ತನ್ನ ಕಣ್ಣ ಮುಂದೆ ಬಿಚ್ಚಕೂಡದು ಎಂದು ಹಟ ಹಿಡಿದಳು.

ಹೀಗಾಗಿ ಒಂದು ಮಧ್ಯಾಹ್ನ ಸಾವಂತ್ರಕ್ಕ ಅದನ್ನು ನಮ್ಮ ಪಡಸಾಲೆಯಲ್ಲಿ ಹಾಸಿ ಕುಳಿತಳು. ಮೊದಲು ಒಂದು ಮೂಲೆ ಬಿಚ್ಚಿ ಬೆರಳು ತೂರಿಸಿ, ಕಪ್ಪಾದ ನಾಲ್ಕು ಜೋಳದ ಕಾಳು ತೆಗೆದಳು. "ಕೌದಿ ಹೊಟ್ಟಿ ಹಸೀಬಾರದಂತ ಕಡೀ ಮೂಲ್ಯಾಗ ಕಾಳ ಹಾಕಿ ಮುಚ್ಚತಾರ. ಇವು ಅವ್ವ ಹಾಕಿದ್ದು" ಎಂದು ಕಾಳನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಇನ್ನೊಂದು ಪದ್ಧತಿ ಹೇಳಿದಳು. "ಬಿಚ್ಚಿದ ಕೌದಿ, ಹೊಟ್ಟಿ ತುಂಬೂತನಾ ಬಿಚ್ಚಿದ ಮನಿ ಹೊಸ್ತಿಲಾ ದಾಟಬಾರದು. ದಾಟಿದ್ರ ಹೋದ ಮನಿಗೆ ಕೇಡು."

ನಮ್ಮ ಮನೆಯಲ್ಲಿ ಗಾದಿ, ರಜಾಯಿಗಳದೇ ಕಾರುಬಾರು, ಕೌದಿಯ ಶಾಸ್ತ್ರ ನನಗೇನು ಗೊತ್ತು? ನಂಬಿದೆ. ಅತ್ತೆಯಂತೂ ನನಗಿಂತ ಹೆಚ್ಚು ನಂಬಿದಳು. ಕೇಡು ಎಂದರೆ ಹೆದರಿ ಸಾಯುವ ಹೆಂಗಸು. ಅರೆಬರೆ ಕೌದಿ ಎಲ್ಲಿ ತನ್ನ ಹೊಸ್ತಿಲು ದಾಟಿ ಬಂದೀತೋ ಎಂದು ಹೆದರಿ, ಬೇಗ ಮುಗಿಸು ಎಂದು ದಿನಾ ಊಟವಾದ ಮೇಲೆ ಅರ್ಧ ತಾಸು ಸೊಸೆಯನ್ನು ತಾನೇ ನಮ್ಮ ಮನೆಗೆ ಕಳಿಸತೊಡಗಿದಳು.

ಆ ಅರ್ಧ ತಾಸಿನ ಸಾವಂತ್ರಕ್ಕ ಬೇರೆಯೇ ಹೆಂಗಸು. ಕಾಲು ಚಾಚಿ ಕೂರುತ್ತಿದ್ದಳು, ಸಾಂಬಯ್ಯ ಮಾತಾಡುವ ಹಾಗೆ ಮೂಗಿನಲ್ಲಿ ಮಾತಾಡಿ ನಗಿಸುತ್ತಿದ್ದಳು. ಒಂದೊಂದು ತುಂಡನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು: ಇದು ಸಣ್ಣವ್ವನ ಸೀರಿ ಸೆರಗ, ಇದು ನನ್ನ ತೊಟ್ಟಿಲ ಅರಿವಿ. ನನಗೂ ಸೂಜಿ ಕೊಟ್ಟು, "ಎಳದು ಹೊಲೀಬ್ಯಾಡ, ಅರಿವಿ ಉಸಿರಾಡಬೇಕು" ಎಂದು ಗದರುತ್ತಿದ್ದಳು. ಎದುರು ಮನೆಯಲ್ಲಿ ಟಣ್ ಎಂದರೆ ನಗು ಅಲ್ಲಿಗೇ ನಿಲ್ಲುತ್ತಿತ್ತು. ಸೂಜಿ ತೋಳಿಗೆ ಹೋಗುತ್ತಿತ್ತು, ಅವಳು ಎದ್ದು ಹೋಗುತ್ತಿದ್ದಳು. ಲೋಟದ ಸದ್ದಿಗೆ ನಾನೂ ಎದ್ದು ನಿಲ್ಲುವಂತಾದದ್ದು ಯಾವಾಗಲೋ, ನೆನಪಿಲ್ಲ.

ನಾಲ್ಕು ತಿಂಗಳಾಗಿ ಕೌದಿ ಮುಕ್ಕಾಲು ಮುಗಿದಿತ್ತು. ಮೂರು ಮೂಲೆಗೆ ಹಸಿರು ಖಣದ ತ್ರಿಕೋನ ಮಡಿಚಿ ಕೂರಿಸಿದ್ದಳು, ನಾಲ್ಕನೆಯದು ಕಾಳು ಹಾಕಿ ಮುಚ್ಚಲಿಕ್ಕೆ ಬಿಟ್ಟದ್ದು. ಆಗ ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ವಾರದಲ್ಲಿ ಹೊರಡಬೇಕು. ಕೌದಿಯ ಗತಿ ಏನೆಂದು ನಾನು ಕಂಗಾಲಾದೆ. "ನಾ ಒಯ್ದರೂ ಹೊಸ್ತಿಲಾ ದಾಟತದ, ನೀ ಒಯ್ದರೂ ದಾಟತದ. ಯಾರ ಮನಿಗೆ ಕೇಡು ಕಟ್ಟೋದು ಅಕ್ಕಾ?"

ಅವಳು ತಲೆ ಎತ್ತಲಿಲ್ಲ. "ಕೇಡೂ ಇಲ್ಲ ಏನೂ ಇಲ್ಲ. ಕಾಳಿನ ಮಾತ ಖರೆ. ಹೊಸ್ತಿಲಾ ಮಾತ ನಾನ ಕಟ್ಟಿದ್ದು. ಇಲ್ಲಾಂದ್ರ ನನ್ನ ಯಾರ ಬಿಡತಿದ್ರು?"

ನಾನು ನಕ್ಕುಬಿಟ್ಟೆ. "ಹಂಗಾದ್ರ ಛಲೋನ ಆತು, ನಿಮ್ಮ ಮನಿಗೇ ಒಯ್ಯಿ."

"ಹೆಂಗ ಒಯ್ಯಲಿ? ಅತ್ತಿ ಒಳಗ ತರಾಕ ಬಿಡಂಗಿಲ್ಲ. ಸುಳ್ಳ ಹೇಳಿದ್ದೆ ಅಂದ್ರ ಇನ್ನ ಅಂಗಳಕ್ಕೂ ಬಿಡಂಗಿಲ್ಲ." ಮಡಿಲಿನ ಕೌದಿಯನ್ನು ಎರಡೂ ಕೈಯಲ್ಲಿ ಸವರಿದಳು. "ನನ್ನ ಮಾತ ನನ್ನ ಕೊರಳಿಗೆ ಸುತ್ತಗೊಂತು ನೋಡು."

ಹೊರಡುವ ದಿನ ಅವಳು ಬರಲಿಲ್ಲ, ಅತ್ತೆಗೆ ಜ್ವರ. ನಾನೇ ಹೋಗಿ ಕಿಟಕಿಯ ಹತ್ತಿರ ನಿಂತೆ. ಸರಳಿನ ಸಂದಿಯಿಂದ ಬಟ್ಟೆಯಲ್ಲಿ ಕಟ್ಟಿದ ಹಿಡಿ ಜೋಳ ಕೊಟ್ಟು, "ಕಡೀ ಮೂಲಿ ನೀನ ಮುಚ್ಚಿಬಿಡು, ಕೌದಿ ನೀನ ಇಟ್ಟಕೋ" ಎಂದಳು. ಒಳಗೆ ಲೋಟ ಬಡಿಯಿತು.

ವಿಶಾಖಪಟ್ಟಣದಲ್ಲಿ ಉಳಿದ ಕಾಲು ಭಾಗ ನಾನೇ ಹೊಲಿದೆ. ಆದರೆ ಮೂಲೆಗೆ ಬಂದಾಗ ಕೈ ಏಳಲಿಲ್ಲ. ಅವಳ ಅವ್ವನ ಕೌದಿ, ಮುಚ್ಚಲು ನಾನ್ಯಾರು? ಆಗ ಸುಳ್ಳಿನ ಕಸುಬು ನನಗೂ ಹತ್ತಿತು. ಮೇಲಿನ ಮನೆಯಾಕೆಯಿಂದ ತೆಲುಗಿನಲ್ಲಿ ಅತ್ತೆಯ ಹೆಸರಿಗೇ ಕಾಗದ ಬರೆಸಿದೆ: ಬಿಚ್ಚಿದ ಕೈಯೇ ಕೌದಿ ಮುಚ್ಚಬೇಕಂತೆ, ಇಲ್ಲವಾದರೆ ಬಿಚ್ಚಿದವರ ಮನೆಗೆ ಒಳ್ಳೆಯದಲ್ಲವಂತೆ.

ಹದಿನೈದು ದಿನಕ್ಕೆ ಸಾವಂತ್ರಕ್ಕ ಬಂದಳು! ಬೆಳಿಗ್ಗೆ ಸಾಂಬಯ್ಯ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು, ಬಂದರಿನ ಕಡೆ ಯಾರನ್ನೋ ಕಾಣಲು ಹೋದ. ಸಂಜೆಯ ರೈಲಿಗೆ ವಾಪಸ್ಸು. ಅಷ್ಟು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬಂದಿದ್ದಳಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬಂದಳಂತೆ. ಸಾವಂತ್ರಕ್ಕ ನನ್ನ ಹೊಲಿಗೆ ನೋಡಿ, "ಹುಳಾ ಹರದಾಡಿದಂಗೈತಿ" ಎಂದು ನಕ್ಕಳು. ಆದರೆ ಒಂದು ಟಾಕನ್ನೂ ಬಿಚ್ಚಲಿಲ್ಲ.

ಮೊದಲು ಸಮುದ್ರಕ್ಕೆ ಕರೆದೊಯ್ದೆ. ಮೊಳಕಾಲವರೆಗೆ ಸೀರೆ ಎತ್ತಿ ಹಿಡಿದು ನಿಂತಳು. "ಇದಕ್ಕ ಹೊಸ್ತಿಲಾ ಎಲ್ಲೈತಿ ತಂಗಿ?" ಎಂದಳು. ಹೋಗೋಣವೆಂದು ಮೂರು ಸಲ ಕರೆದರೂ ಬರಲಿಲ್ಲ.

ಮನೆಗೆ ಬಂದು ಕಾಳು ಹಾಕಿ ಮೂಲೆ ಮುಚ್ಚಿದಳು. ಹತ್ತು ನಿಮಿಷದ ಕೆಲಸ. ದಾರವನ್ನು ಹಲ್ಲಿನಿಂದ ಕಡಿದು, "ಮುಚ್ಚಿಬಿಟ್ಟೆ ನೋಡು" ಎಂದವಳು ಒಮ್ಮೆಲೇ ಅಳತೊಡಗಿದಳು. ಅದುವರೆಗೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಇನ್ನು ಯಾವ ಕೆಲಸದ ಹೆಸರು ಹೇಳಿ ಹೊರಗೆ ಬರುತ್ತಾಳೆ ಎಂಬುದು ನನಗೆ ಹೊಳೆದದ್ದೂ ಆಗಲೇ. ಅಷ್ಟರಲ್ಲಿ ಸಾಂಬಯ್ಯ ಗೇಟಿನಲ್ಲಿ ಕೆಮ್ಮಿದ. ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಳು.

ಮರುದಿನ ಗುಂಡಿ ಹಚ್ಚಲೆಂದು ನನ್ನ ಸೂಜಿಯ ಡಬ್ಬಿ ತೆಗೆದರೆ, ಮೇಲೆಯೇ ನಾಲ್ಕನೆಯ ಮೂಲೆಯ ಹಸಿರು ತ್ರಿಕೋನವಿತ್ತು. ಕೂರಿಸದೆ ಬಿಟ್ಟಿದ್ದಳು. ಅದಕ್ಕೆ ಅವಳ ದಾರ ಪೋಣಿಸಿದ ಸೂಜಿ ಚುಚ್ಚಿತ್ತು.

ಅವಳ ಆಟ ತಿಳಿದು, ಮತ್ತೆ ತೆಲುಗು ಕಾಗದ ಹಾಕಿದೆ: ಒಂದು ತುಂಡು ಉಳಿದಿದೆ, ನಿಮ್ಮ ಸೊಸೆಯೇ ಬಂದು ಹಚ್ಚಬೇಕು. ತಿಂಗಳ ಮೇಲೆ ಸಾಂಬಯ್ಯನ ಉತ್ತರ ಬಂತು. ಮೇಲಿನ ಮನೆಯಾಕೆ ಓದಿ ಹೇಳಿದಳು: ಕೌದಿಯ ಹೊಟ್ಟೆ ತುಂಬಿದ ಮೇಲೆ ದೋಷವಿಲ್ಲ ಎಂದು ಅಮ್ಮ ಹೇಳುತ್ತಾಳೆ, ಆ ತುಂಡನ್ನು ಪೋಸ್ಟಿನಲ್ಲಿ ಕಳಿಸಿದರೆ ಸಾಕು.

ನಾನು ಕಳಿಸಲಿಲ್ಲ. ಮತ್ತೆರಡು ಕಾಗದ ಹಾಕಿದೆ, ಉತ್ತರ ಬರಲಿಲ್ಲ. ತೊಂಬತ್ತನಾಲ್ಕರಲ್ಲಿ ಧಾರವಾಡಕ್ಕೆ ಮರಳಿದೆವು. "ಪರರ ಸಾಮಾನು ಯಾಕ ಇಟ್ಟಕೊಂಡೀ, ಕಳಿಸಿಬಿಡಬಾರದೇನು?" ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಕಳಿಸಿದರೆ ಅವಳಿಗೆ ಬರಲು ಏನು ಉಳಿಯುತ್ತದೆ? ಹಸಿರು ಖಣ ಮಾಸಿದೆ, ಸೂಜಿಗೆ ತುಕ್ಕು ಹಿಡಿದಿದೆ. ದಾರವನ್ನು ಮಾತ್ರ ನಾನು ಸೂಜಿಯಿಂದ ತೆಗೆದಿಲ್ಲ.