ಅರ್ಧ ದಾರಿ ಬಂದೆ ಎಂದಿದ್ದು

ನಮ್ಮ ಕಡೆ ಯಾರಿಗಾದರೂ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿ ನೋಡಿ. ಮನೆಯಲ್ಲಿ ಚಪ್ಪಲಿ ಹುಡುಕುತ್ತಿದ್ದರೂ "ಅರ್ಧ ದಾರಿ ಬಂದೀನ್ರೀ" ಎನ್ನುತ್ತಾರೆ. ಕೇಳಿದವರೂ ನಂಬುವುದಿಲ್ಲವಾದ್ದರಿಂದ ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಗಣಿತ ಹೇಳುವವನು, ಒಂದು ದಶಾಂಶ ತಪ್ಪಿದರೂ ವಿದ್ಯಾರ್ಥಿಗಳ ಪ್ರಾಣ ಹಿಂಡುವವನು. ನಾನೂ ಹಾಗೇ ಹೇಳುತ್ತಿದ್ದೆ.

ಸೊರಬದಲ್ಲಿದ್ದ ನನ್ನ ಅಕ್ಕ ಮಾತ್ರ ನಂಬುತ್ತಿದ್ದಳು. ಓದಿದ್ದು ಏಳನೇ ಕ್ಲಾಸು, ತಲೆ ನನಗಿಂತ ಚುರುಕು. ಕ್ಯಾನ್ಸರ್ ಬಂದು ಹಾಸಿಗೆ ಹಿಡಿದ ಮೇಲೆ ಭಾನುವಾರ ಹೋದಾಗಲೆಲ್ಲ ಅವಳಿಗೊಂದು ಲೆಕ್ಕ ಹೇಳುತ್ತಿದ್ದೆ. ಒಂದು ಸಲ ಬಸ್ಸಿನ ಲೆಕ್ಕ. ಬಸ್ಸು ಮೊದಲು ಅರ್ಧ ದಾರಿ ಹೋಗುತ್ತದೆ, ಆಮೇಲೆ ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ. ಎಷ್ಟು ಸಲ ಹೋದರೂ ಒಂದು ಚೂರು ಉಳಿದೇ ಉಳಿಯುತ್ತದೆ.

"ಹಂಗಾರೆ ಆ ಬಸ್ಸು ಊರು ಮುಟ್ಟೋದೇ ಇಲ್ವೇನೋ?"

"ಮುಟ್ಟುತ್ತೆ. ಅನಂತ ಸಲ ಕೂಡಿಸಿದ್ರೆ ಸರಿಯಾಗಿ ಒಂದಾಗುತ್ತೆ."

"ಅನಂತ ಸಲ ಕೂಡ್ಸಕ್ಕೆ ಯಾರಿಗೋ ಪುರುಸೊತ್ತು?"

ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕಳು. ನನಗೆ ಸಿಟ್ಟು ಬಂತು.

ಅವತ್ತು ಬುಧವಾರ. ಬೆಳಿಗ್ಗೆ ಭಾವ ಫೋನ್ ಮಾಡಿ, "ನಿನ್ನ ಹತ್ರ ಏನೋ ಮಾತಾಡ್ಬೇಕಂತೆ ಅವ್ಳಿಗೆ, ಬೇಗ ಬಾ" ಎಂದರು. ಒಂದು ಕ್ಲಾಸು ಮುಗಿಸಿ ಹೊರಡಬೇಕಾದವನು ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದವರ ಜೊತೆ ವಾದಕ್ಕೆ ಬಿದ್ದೆ. ಬೆಳಕಿನ ಬೆನ್ನೇರಿ ವಿಶ್ವದ ಅಂಚಿಗೆ ಹೊರಟವನಿಗೆ ಹೊತ್ತೇ ಸರಿಯುವುದಿಲ್ಲ ಎಂದು ಅವರು. ಅಂಚೇ ಇಲ್ಲದಿದ್ದರೆ ಎಲ್ಲಿ ಇಳಿಯುತ್ತಾನೆ ಎಂದು ನಾನು. ಸೋಲೊಪ್ಪುವ ಜಾಯಮಾನ ನನ್ನದಲ್ಲ. ಹನ್ನೊಂದೂವರೆಗೆ ಮತ್ತೆ ಭಾವನ ಫೋನ್ ಬಂತು.

"ಎಲ್ಲಿದೀಯ ಮಾರಾಯ?"

"ಅರ್ಧ ದಾರಿ ಬಂದೆ ಭಾವ. ಶಿರಾಳಕೊಪ್ಪ ದಾಟ್ತಾ ಇದೀನಿ."

ಮುಕ್ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿದರು. ಆಗಷ್ಟೇ ಶಿಕಾರಿಪುರದಲ್ಲಿ ಬಸ್ಸು ಹತ್ತಿದ್ದೆ. "ಇನ್ನೇನು ಬಂದೆ" ಎಂದೆ.

ಮನೆ ಮುಟ್ಟಿದಾಗ ಎರಡು ಗಂಟೆ. ಅಕ್ಕ ನಿದ್ದೆಯಲ್ಲಿದ್ದಳು. ಕೆಳತುಟಿಯ ಮೇಲೆ ಹಲ್ಲು ಊರಿದ ಗುರುತು, ಒಣಗಿದ ರಕ್ತ. ನೋವಿನ ಇಂಜೆಕ್ಷನ್ ಕೊಡುವ ನರ್ಸು ಹನ್ನೊಂದೂವರೆಗೇ ಬಂದಿದ್ದರಂತೆ. ಕೊಟ್ಟರೆ ಮಂಪರು ಹತ್ತಿ ಮಾತಾಡಲು ಆಗುವುದಿಲ್ಲ. "ತಮ್ಮ ಅರ್ಧ ದಾರಿ ಬಂದಾನೆ, ತಡೀರಿ" ಎಂದು ಅಕ್ಕ ಬೇಡವೆಂದಳಂತೆ. ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೇ ತುಟಿ ಕಚ್ಚಿಕೊಂಡಿದ್ದಳು. ಕೊನೆಗೆ ಅವಳ ಸಂಕಟ ನೋಡಲಾಗದೆ ಭಾವನೇ ಕೈ ಹಿಡಿದುಕೊಂಡು ಹಾಕಿಸಿದ್ದರು.

ಅವಳು ಮತ್ತೆ ಕಣ್ಣು ಬಿಡಲಿಲ್ಲ. ಮರುದಿನ ಸಂಜೆ ಹೋದಳು. ಏನು ಹೇಳಬೇಕೆಂದಿದ್ದಳೋ ಯಾರಿಗೂ ಗೊತ್ತಿಲ್ಲ.

ಈಗಲೂ ಸೊರಬಕ್ಕೆ ಹೋದರೆ ಭಾವ ಅದನ್ನೇ ತೆಗೆಯುತ್ತಾರೆ. "ಇನ್ನೊಂದು ಹತ್ತು ನಿಮಿಷ ತಡೀಬೇಕಿತ್ತು ಕಣೋ. ನೀನು ಬಂದೇಬಿಟ್ಟಿದ್ದೆ. ನಾನೇ ಕೆಡಿಸ್ದೆ" ಎಂದು ಕಣ್ಣೊರೆಸಿಕೊಳ್ಳುತ್ತಾರೆ.

"ಹೋಗ್ಲಿ ಬಿಡಿ ಭಾವ, ನಿಮಗೇನು ಗೊತ್ತಿತ್ತು" ಎಂದು ನಾನು ಅವರ ಬೆನ್ನು ಸವರುತ್ತೇನೆ.