ವಿಮಾನ ಇಳಿದ ಪಾವಡಿ

ತಾರಮಂಗಲದಿಂದ ಸೇಲಂ ಕಡೆಗೆ ಹೋಗುವ ದಾರಿಯಲ್ಲಿ, ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ಕನ್ನಡವನ್ನೇ ಆಡುವ ದೇವಾಂಗದವರ ಒಂದು ಬೀದಿಯಿತ್ತು. ಎರಡು ಸಾಲು ಮನೆ, ಮನೆಗೊಂದು ಮಗ್ಗ, ತುದಿಯಲ್ಲಿ ಚೌಡಮ್ಮನ ಗುಡಿ. ಗುಡಿಯ ಹಿಂದೆ ಪಾವಡಿ. ನೇಯ್ಗೆ ಗೊತ್ತಿಲ್ಲದವರಿಗೆ ಪಾವಡಿ ಎಂದರೇನೆಂದು ಹೇಳಬೇಕು. ಹಾಸುನೂಲನ್ನು ಮಗ್ಗಕ್ಕೆ ಏರಿಸುವ ಮುಂಚೆ ಬಯಲಲ್ಲಿ ಕೋಲುಗಳ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿ, ಅಕ್ಕಿಗಂಜಿ ಬಳಿದು, ದೊಡ್ಡ ಕುಂಚದಿಂದ ಎಳೆ ಬಿಡಿಸಿ ಬಾಚಿ ಒಣಗಿಸಬೇಕು. ಆ ಬಯಲೇ ಪಾವಡಿ. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಒಂದು ಗಳಿಗೆ ನಿಲ್ಲುವುದಿಲ್ಲ, ಪಟಪಟ ಹರಿಯುತ್ತದೆ. ಪಾವಡಿ ಇಲ್ಲದ ಬೀದಿಯಲ್ಲಿ ಮಗ್ಗ ಇದ್ದರೂ ಒಂದೇ, ಸೌದೆ ಇದ್ದರೂ ಒಂದೇ.

ಆ ಪಾವಡಿಗೆ ನಾರಪ್ಪ ಯಜಮಾನ. ಯಜಮಾನನೆಂದರೆ ಪತ್ರ ಗಿತ್ರ ಏನೂ ಇಲ್ಲ, ನೆಲ ಯಾರ ಹೆಸರಿಗೂ ಇಲ್ಲದ ಸರ್ಕಾರದ ಪುರಂಬೋಕು. ಆದರೆ ಯಾರ ಹಾಸು ಮೊದಲು, ಯಾರದು ಆಮೇಲೆ ಎಂದು ಬೆಳಕು ಹರಿಯುವ ಮುಂಚೆ ಹೇಳುವವನು ಅವನು. ಅವನಪ್ಪನೂ ಹೇಳುತ್ತಿದ್ದ. ‘ಅಮ್ಮಾ ಚೌಡಮ್ಮಾ’ ಎಂದು ಮೊದಲ ಕುಂಚ ಎಳೆಯುವ ಹಕ್ಕು ಆ ಮನೆಯದು. ಒದ್ದೆ ಹಾಸನ್ನು ಯಾರೂ ದಾಟಕೂಡದು, ಅದು ನೆಲಕ್ಕೆ ತಾಗಲೂ ಕೂಡದು. ಹೆತ್ತ ಮಗುವನ್ನಾದರೂ ನೆಲಕ್ಕೆ ಬಿಟ್ಟಾರು, ಒದ್ದೆ ಹಾಸನ್ನು ಬಿಡುವ ಜನ ಅಲ್ಲ ಅವರು. ಕುಂಚ ಎಳೆದೂ ಎಳೆದೂ ನಾರಪ್ಪನ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ‘ನಮ್ಮೋರಿಗೆ ಬಲಗೈ ಒಂದೇ ಕಣ್ರಮ್ಮಾ ಕೈ, ಎಡಗೈ ಸುಮ್ನೆ ಜೊತೆಗೆ ಬಂದೈತೆ’ ಎಂದು ಅವನ ಹೆಂಡತಿ ಗೋವಿಂದಮ್ಮ ನೆರೆಮನೆಯವರ ಮುಂದೆ ನಗಾಡುತ್ತಿದ್ದಳು.

ಮೆಟ್ಟೂರು ಅಣೆಕಟ್ಟು ಮುಗಿದ ಮಾರನೆಯ ವರ್ಷ ಅರುಣಾಚಲಂ ಎಂಬ ಕಂಟ್ರಾಕ್ಟರು ಕಾರಿನಲ್ಲಿ ಬಂದಿಳಿದ. ಅಣೆಕಟ್ಟಿನ ಮಣ್ಣು ಹೊರಿಸಿ ಹೊಟ್ಟೆ ಬೆಳೆಸಿದವನು, ಕನ್ನಡವೂ ಬರುತ್ತಿತ್ತು. ಜೊತೆಗೆ ಟೋಪಿ ಹಾಕಿದ ಒಬ್ಬ ಆಫೀಸರು. ಕಾರು ಸೀದಾ ನಾರಪ್ಪನ ಮನೆ ಮುಂದೆ ನಿಂತಿತು, ಅರುಣಾಚಲಂ ಸೀದಾ ನಾರಪ್ಪನ ಜಗುಲಿಯ ಮೇಲೆ ಕೂತ. ಪಾವಡಿ ಮತ್ತು ಅದರ ಹಿಂದಿನ ಬಂಜರು ಸೇರಿಸಿ ವಿಮಾನ ಇಳಿಯುವ ಬಯಲು ಮಾಡುತ್ತಾರಂತೆ.

‘ನಾರಪ್ಪಣ್ಣಾ, ಏರೋಪ್ಲೇನ್ ಬಂದ್ರೆ ಊರೇ ಮಾರಿಪ್ಪೋಗುಂ, ಬೇರೆ ಊರೇ ಆಗೋಯ್ತದೆ! ಇವತ್ತು ನೀವು ನೇಯ್ದ ವೇಷ್ಟಿ ಪಂಚೆ ನಾಳೆ ಬೊಂಬಾಯಿ ಅಂಗಡೀಲಿ. ದೊರೆಗಳು ಬರ್ತಾರೆ, ದೊರೆಸಾನಿಗಳು ಬರ್ತಾರೆ, ನಿಮ್ಮ ಮನೆ ಬಾಗ್ಲಲ್ಲೇ ವ್ಯಾಪಾರ.’

ಸುತ್ತ ನೆರೆದವರ ಬಾಯಲ್ಲಿ ನೀರೂರಿತು. ಒಬ್ಬಳು ಮಾತ್ರ, ಒಂಟಿ ಮಗ್ಗದಲ್ಲಿ ತಾನೇ ನೇಯ್ದು ಬದುಕುವ ಸಿದ್ದಲಕ್ಷ್ಮಮ್ಮ, ಸೊಂಟಕ್ಕೆ ಕೈಯಿಟ್ಟು ಕೇಳಿದಳು: ‘ಆಕಾಸದಾಗೆ ಓಗೋನಿಗೆ ನಮ್ಮ ನೆಲ ಯಾಕಂತೆ?’

ಎಲ್ಲರೂ ಗೊಳ್ಳೆಂದು ನಕ್ಕರು. ನಾರಪ್ಪನೂ ನಕ್ಕ. ಅಯ್ಯೋ, ಆ ಮಾತಿಗೆ ನಗಬಾರದಿತ್ತು!

ಅರುಣಾಚಲಂ ಕೊನೆಯಲ್ಲಿ ಒಂದು ಮಾತು ಸೇರಿಸಿದ. ಬಯಲಿಗೆ ಕಾವಲುಗಾರ ಬೇಕು, ಕೆಲಸ ನಿಮ್ಮ ಅಳಿಯನಿಗೇ. ಅಳಿಯ ಕುಪ್ಪುಸ್ವಾಮಿ ಮೆಟ್ಟೂರಿಗೆ, ಕರೆಂಟು ಮನೆ ಕಟ್ಟುವ ಕೂಲಿಗೆ ಹೋಗುತ್ತೇನೆಂದು ಕುಣಿಯುತ್ತಿದ್ದ ಕಾಲ ಅದು. ಅವನು ಹೋದರೆ ಒಬ್ಬಳೇ ಮಗಳು ಚಿನ್ನತಾಯಿಯೂ ಹೋಗುತ್ತಾಳೆ ಎಂಬ ಸಂಕಟ ನಾರಪ್ಪನಿಗೆ ಅನ್ನ ಇಳಿಯದ ಹಾಗೆ ಮಾಡಿತ್ತು. ಜಗುಲಿಯ ಮೇಲೆ ಕೂತ ದೊಡ್ಡ ಮನುಷ್ಯನ ಮುಖ ನೋಡಿದ, ಬಾಗಿಲ ಸಂದಿಯಲ್ಲಿ ನಿಂತ ಮಗಳ ಮುಖ ನೋಡಿದ. ‘ಆಗ್ಲಿ ಬುಡಿ’ ಎಂದ. ಆಗದು ಎಂದಿದ್ದರೂ ಸರ್ಕಾರದ ನೆಲ ಸರ್ಕಾರಕ್ಕೇ ಹೋಗುತ್ತಿತ್ತು, ಅದು ಬೇರೆ ಮಾತು. ಆದರೆ ಆಗಲಿ ಎಂದ ಬಾಯಿ ಅವನದು.

ಪಾವಡಿಯ ಸುತ್ತಲಿನ ಹುಣಸೆಮರ ಉರುಳಿದವು. ನೆಲ ಮಟ್ಟವಾಯಿತು, ಸುತ್ತ ಬೇಲಿ ಬಂತು, ಸುಣ್ಣ ಬಳಿದ ಕಲ್ಲು ಕೂತವು. ಮೊದಲ ವಿಮಾನ ಬಂದ ದಿನ ಏಳು ಹಳ್ಳಿ ಜನ ನೆರೆದು ಕುತ್ತಿಗೆ ನೋಯಿಸಿಕೊಂಡರು. ಇಳಿದ ದೊರೆ ಒಂದು ಎಳನೀರು ಕುಡಿದ, ಕೈ ಬೀಸಿದ, ಹಾರಿಹೋದ. ಮಾರಲೆಂದು ವೇಷ್ಟಿ ಹರಡಿಕೊಂಡು ಕೂತವರು ಹಾಗೇ ಮಡಚಿಕೊಂಡು ಮನೆಗೆ ಬಂದರು. ಆ ಪುಣ್ಯಾತ್ಮನ ವಿಮಾನದಲ್ಲಿ ಟಪಾಲು ಚೀಲಕ್ಕೇ ಜಾಗ ಸಾಲದು, ಇನ್ನು ವೇಷ್ಟಿ ಎಲ್ಲಿ ತುರುಕುವುದು? ಆಮೇಲೆ ಅಪರೂಪಕ್ಕೊಮ್ಮೆ ಒಂದು ಬರುವುದು, ಬಂದ ಹಾಗೇ ಹೋಗುವುದು. ಬೀದಿಗೆ ಆದ ಲಾಭವೆಂದರೆ ಅರುಣಾಚಲಂನ ಒಂದು ಕಾಫಿ ಅಂಗಡಿ, ಕುಪ್ಪುಸ್ವಾಮಿಯ ಮೈಮೇಲೆ ಒಂದು ಖಾಕಿ ಅಂಗಿ.

ಹಾಸು ಕಟ್ಟಲು ಈಗ ಬೀದಿಯೇ ಗತಿ. ಬೀದಿ ಸೊಟ್ಟ, ಬಿಸಿಲು ಬೀಳುವುದು ತಡ, ನಡುವೆ ಎತ್ತಿನ ಗಾಡಿ ಬಂತೆಂದರೆ ಎಲ್ಲ ಬಿಚ್ಚಬೇಕು. ಗಂಜಿ ಹುಳಿ ವಾಸನೆ ಹೊಡೆಯಿತು, ನೂಲು ಮುಗ್ಗಲು ಹಿಡಿಯಿತು, ಬಟ್ಟೆಯಲ್ಲಿ ಗಂಟೋ ಗಂಟು. ನೂಲು ಕೊಡುವ ಸೇಲಂ ಸಾಹುಕಾರ ಮೊದಲು ಗೊಣಗಿದ, ಆಮೇಲೆ ಅರ್ಧಕ್ಕರ್ಧ ನೂಲನ್ನು ಬೇರೆ ಊರಿಗೆ ಕೊಟ್ಟ. ಕೊನೆಗೊಂದು ದಿನ ನಾರಪ್ಪನ ಮುಂದೆ ಒಂದು ದೊಡ್ಡ ಹಾಸಿನ ನೂಲು ಇಟ್ಟ.

‘ಇದು ನೆಟ್ಟಗೆ ಬಂದ್ರೆ ಮುಂದಕ್ಕೂ ಕೊಡ್ತೀನಿ. ಇಲ್ಲಾಂದ್ರೆ ನಿಮ್ಮ ಬೀದಿ ಸಹವಾಸ ಸಾಕು, ಕೋವಿಚ್ಚುಕಾದೀಂಗ, ಬೇಜಾರ್ ಮಾಡ್ಕೋಬ್ಯಾಡಿ.’

ಅಷ್ಟು ಉದ್ದದ ಹಾಸನ್ನು ಕಟ್ಟಲು ಬೀದಿ ಸಾಲದು. ನಾರಪ್ಪ ಬೇಲಿಯ ಬಳಿ ಹೋಗಿ ನಿಂತ. ಬಯಲು ಅಂಗೈಯಂತೆ ನುಣ್ಣಗೆ, ಖಾಲಿ ಬಿದ್ದಿತ್ತು. ಸಂಜೆ ಅಳಿಯನ ಮುಂದೆ ಕೂತ. ಮಾವನಾದವನು ಅಳಿಯನೆದುರು ಕೈಯೊಡ್ಡುವುದು ಎಂಥ ಕಷ್ಟವೋ ಒಡ್ಡಿದವನಿಗೇ ಗೊತ್ತು.

‘ಒಂದೇ ಒಂದು ಒತ್ತಾರೆ ಬುಡಪ್ಪಾ. ಬಿಸ್ಲೇರೋಕ್ ಮುಂಚೆ ಎತ್ಬುಡ್ತೀವಿ.’

‘ವೇಲೆ ಪೋಯಿಡುಂ ಮಾವಾ. ಇರೋದೊಂದು ಕೆಲ್ಸ ಓಯ್ತದೆ.’

‘ಇದು ಕೆಟ್ರೆ ಬೀದಿ ಬೀದೀನೇ ಓಯ್ತದಲ್ಲಪ್ಪಾ.’

ಕುಪ್ಪುಸ್ವಾಮಿ ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ‘ಪ್ಲೇನ್ ಬರೋಕ್ ಮುಂಚೆ ತಂತಿ ಬರ್ತದೆ’ ಎಂದ ಕೊನೆಗೆ. ‘ತಂತಿ ಬಂದಿಲ್ಲ. ನಾಳೆ ಆಕ್ಕೊಳ್ಳಿ.’

ಮಾರನೆಯ ಬೆಳಗ್ಗೆ ಬೀದಿಗೆ ಬೀದಿಯೇ ಬಯಲಿಗಿಳಿಯಿತು. ಎಷ್ಟು ದಿನಕ್ಕೆ ಆ ನಗು, ಆ ಕೂಗಾಟ! ಕಲ್ಲಿಲ್ಲ, ತಗ್ಗಿಲ್ಲ, ಹಾಸು ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ನಾರಪ್ಪ ‘ಅಮ್ಮಾ ಚೌಡಮ್ಮಾ’ ಎಂದು ಕುಂಚ ಎಳೆದ. ‘ಇಂಥಾ ಪಾವಡಿ ನಮ್ಮಪ್ಪಾನೂ ಕಂಡಿರ್ನಿಲ್ಲ ಕಣ್ರಲಾ’ ಎಂದ. ಸಿದ್ದಲಕ್ಷ್ಮಮ್ಮನೂ ಅವತ್ತು ಬಾಯಿ ಮಾಡಲಿಲ್ಲ.

ಗಂಜಿ ಪೂರಾ ಬಳಿದಾಗಿತ್ತು, ಬಾಚುವುದು ಅರ್ಧ ಉಳಿದಿತ್ತು. ಆಗ ಮೆಟ್ಟೂರಿನ ಕಡೆಯಿಂದ ಗುಂಯ್ ಎಂದು ಸದ್ದು ಬಂತು. ಇಂಜಿನು ಕೆಮ್ಮುತ್ತಿತ್ತು. ಕೆಟ್ಟ ವಿಮಾನ ತಂತಿ ಕಳಿಸಿ ಬರುತ್ತದೆಯೇ? ತಲೆಯ ಮೇಲೆ ಒಂದು ಸುತ್ತು ಹಾಕಿತು. ಕುಪ್ಪುಸ್ವಾಮಿ ಬಾವುಟ ಹಿಡಿದು ಓಡಿ ಬಂದ: ‘ಎತ್ರೀ! ಎತ್ರೀ! ಇಳೀತಾ ಐತೆ!’

ನಾರಪ್ಪ ಕೂಗಿದ: ‘ಕೋಲ್ ಕೋಲಿಗೂ ಇಬ್ರಿಬ್ರು ಇಡ್ಕಳಿ. ನೆಲಕ್ಕ್ ತಾಗಿಸ್ಬ್ಯಾಡಿ! ಮೇಲೆತ್ತಿ, ಇನ್ನೂ ಮೇಲೆ!’

ಗಂಡಸರು, ಹೆಂಗಸರು, ಬಸುರಿ ಚಿನ್ನತಾಯಿ ಕೂಡ, ಒಂದೇ ಉಸಿರಿಗೆ ಹಾಸನ್ನು ಎತ್ತಿ ಅಡ್ಡಕ್ಕೆ ನಡೆದು ಬೇಲಿಯ ಅಂಚಿಗೆ ತಂದರು. ಒಂದೆಳೆ ಹರಿಯಲಿಲ್ಲ. ಅಲ್ಲೇ ಮೊಣಕಾಲುದ್ದದ ಚರಂಡಿಯಿತ್ತು. ಅದರೊಳಗೆ ಮಲಗಿಸಿ ಮೇಲೆ ಸೆರಗು, ಪಂಚೆ ಹೊದಿಸಿದ್ದರೆ ಹಾಸು ಉಳಿಯುತ್ತಿತ್ತೇನೋ. ಆದರೆ ಒದ್ದೆ ಹಾಸು ನೆಲಕ್ಕೆ ತಾಗಬಾರದಲ್ಲ! ಎದೆಯೆತ್ತರಕ್ಕೆ ಎತ್ತಿ ಹಿಡಿದು ನಿಂತರು. ವಿಮಾನ ಅವರ ಮುಂದೆಯೇ ಇಳಿದು ಓಡಿತು. ಅದರ ಗಾಳಿ ಬಯಲಿನ ಕೆಂಪು ಧೂಳನ್ನೆಲ್ಲ ಗುಡಿಸಿ ತಂದು ಅವರ ಮೇಲೆ ಸುರಿಯಿತು.

ಕಣ್ಣು ಬಿಟ್ಟು ನೋಡಿದರೆ ಬಿಳಿ ಹಾಸು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಧೂಳು ಗಂಜಿಗೆ ಅಂಟಿ ಎಳೆಗೆ ಎಳೆ ಕಚ್ಚಿಕೊಂಡಿತ್ತು. ಯಾರೂ ಕೈ ಬಿಡಲಿಲ್ಲ. ವಿಮಾನದಿಂದ ಇಳಿದ ಬಿಳಿಯ ದೊರೆ ಅವರನ್ನು ನೋಡಿ ನಿಂತ. ತನ್ನನ್ನು ಎದುರುಗೊಳ್ಳಲು ಬಣ್ಣದ ತೋರಣ ಹಿಡಿದು ನಿಂತಿದ್ದಾರೆಂದುಕೊಂಡನೋ ಏನೋ, ಟೋಪಿ ತೆಗೆದು, ನಗುತ್ತ ತಲೆ ಬಾಗಿಸಿದ.

ನಾರಪ್ಪ ಕುಂಚ ತೆಗೆದುಕೊಂಡು ಬಾಚತೊಡಗಿದ. ಬಾಚಿದಷ್ಟೂ ಎಳೆ ಹರಿಯಿತು. ‘ಸಾಕ್ ಬುಡ್ರೀ’ ಎಂದು ಗೋವಿಂದಮ್ಮ ಅಳುತ್ತ ಕೈ ಹಿಡಿದಳು. ಅವನಿಗೆ ನಿಲ್ಲಿಸಲು ಬರಲಿಲ್ಲ. ಬಿಸಿಲು ನೆತ್ತಿಗೇರುವವರೆಗೂ ಬಾಚಿದ.

ಸಾಹುಕಾರ ಬೈಯಲಿಲ್ಲ, ಹಾಸನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು ಹೋದ. ಬೈದಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು. ಸುದ್ದಿ ಮೇಲಿನವರಿಗೆ ಮುಟ್ಟಿ ಕುಪ್ಪುಸ್ವಾಮಿಯ ಖಾಕಿ ಕಳಚಿತು. ಬೀದಿಯವರನ್ನು ಒಳಗೆ ಬಿಡಲು ಯಾರು ಹೇಳಿದರು ಎಂದು ಕೇಳಿದಾಗ ಅವನು ಮಾವನ ಹೆಸರೆತ್ತಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಮೆಟ್ಟೂರಿನ ಬಸ್ಸು ಹತ್ತಿದ. ಯಾರನ್ನು ಉಳಿಸಿಕೊಳ್ಳಲು ನಾರಪ್ಪ ಆಗಲಿ ಎಂದಿದ್ದನೋ ಆ ಮಗಳು ಬಸ್ಸಿನ ಕಿಟಕಿಯಿಂದ ‘ಓಗ್ಬತ್ತೀನಪ್ಪಾ’ ಎಂದಳು.

ಆಮೇಲೆ ಅರುಣಾಚಲಂ ಮತ್ತೆ ಬಂದ, ಖಾಲಿ ಬಿದ್ದ ಕಾವಲಿನ ಕೆಲಸ ಇನ್ನು ನಾರಪ್ಪನಿಗೇ ಎಂದ. ‘ಆ ಬೀದಿ ಜನ ಇನ್ಯಾರ ಮಾತೂ ಕೇಳಲ್ಲ, ನಾರಪ್ಪಣ್ಣನ ಮಾತು ಕೇಳ್ತಾರೆ’ ಎಂದು ಆಫೀಸರಿಗೆ ತಾನೇ ಹೇಳಿದನಂತೆ. ಉಪಕಾರ ಮಾಡಿದೆನೆಂದೇ ಅವನು ತಿಳಿದಿದ್ದ. ಮನೆಯಲ್ಲಿ ಮಗ್ಗ ನಿಂತಿತ್ತು, ಒಲೆ ಉರಿಯಬೇಕಿತ್ತು. ಅಳಿಯನ ಖಾಕಿ ಅಂಗಿಯನ್ನು ಮಾವ ತೊಟ್ಟ. ಬಲತೋಳಿಗೆ ಅದು ಬಿಗಿಯಾಯಿತು.

ಒಂದು ಬೆಳಗ್ಗೆ ಸಿದ್ದಲಕ್ಷ್ಮಮ್ಮ ಗೇಟಿನ ಮುಂದೆ ಬಂದು ನಿಂತಳು. ಎಲ್ಲಿಂದ ಬೇಡಿ ತಂದಿದ್ದಳೋ, ಹೆಗಲ ಮೇಲೆ ಒಂದು ಚಿಕ್ಕ ಹಾಸಿನ ನೂಲಿತ್ತು, ಕೈಯಲ್ಲಿ ಗಂಜಿಯ ಮಡಕೆ.

‘ನಾರಪ್ಪಣ್ಣಾ, ಗಾಳಿ ಇಲ್ಲ. ಒಂದು ಮೂಲೇಲಿ ಆಕ್ಕೊಂಡು ಓಯ್ತೀನಿ. ನೀನೇ ಮೊದಲ್ನೇ ಕುಂಚ ಎಳ್ಕೊಡಣ್ಣಾ.’

ನಾರಪ್ಪ ಬಾಯಿ ತೆರೆದ. ಪಾವಡಿಯಲ್ಲಿ ಯಾರಿಗೂ ಅವನು ಇಲ್ಲ ಎಂದವನಲ್ಲ, ಇವತ್ತಲ್ಲದಿದ್ದರೆ ನಾಳೆ ಎಂದವನು. ಇಲ್ಲ ಎನ್ನುವ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಆಫೀಸರು ಬಾಯಿಪಾಠ ಮಾಡಿಸಿದ್ದ ಮಾತೇ ಕೊನೆಗೆ ಹೊರಬಂತು.

‘ಉಳ್ಳೇ ವರಕ್ಕೂಡಾದು.’

ಒಳಗೆ ಬರಕೂಡದು. ಸಿದ್ದಲಕ್ಷ್ಮಮ್ಮ ಅವನ ಮುಖವನ್ನೇ ನೋಡಿದಳು. ಸಿಟ್ಟಾಗಿರಲಿಲ್ಲ.

‘ನನ್ ಜೊತೆ ಯಾಕಣ್ಣಾ ತಮಿಳ್ ಮಾತಾಡ್ತೀಯ?’ ಎಂದು ಕೇಳಿ, ಗಂಜಿ ಚೆಲ್ಲದ ಹಾಗೆ ಮಡಕೆಯನ್ನು ಸೊಂಟಕ್ಕೇರಿಸಿಕೊಂಡು ಸೊಟ್ಟ ಬೀದಿಯ ಕಡೆ ಹೊರಟಳು.